ಯುದ್ಧ ತೆರೆಸಿದ ಬಾಗಿಲು

ಬಳ್ಳಾರಿ ನಗರದಿಂದ ಕುರುಗೋಡಿನ ಮಾರ್ಗವಾಗಿ ಸಿರುಗುಪ್ಪದ ಭತ್ತದ ಬಯಲಿಗೆ ಹೋಗುವವರಿಗೆ ರಸ್ತೆಯಂಚಿನ ವೆಲ್ಡಿಂಗ್ ಅಂಗಡಿಗಳು ಕಣ್ಣಿಗೆ ಬೀಳದೆ ಇರವು. ಟ್ರ್ಯಾಕ್ಟರಿನ ಕಲ್ಟಿವೇಟರ್, ಕೂರಿಗೆ, ಕುಂಟೆ, ಟ್ರೇಲರಿನ ಮುರಿದ ಕೊಂಡಿ ಎಲ್ಲವೂ ಅಲ್ಲಿ ದುರಸ್ತಿಗೆ ಬರುತ್ತವೆ. ಸಲಕರಣೆ ತನ್ನ ಎರೆಭೂಮಿಗೆ ಒಗ್ಗುತ್ತಿಲ್ಲವೆಂದು ರೈತ ದೂರಿದರೆ, ಅಂಗಡಿಯಾತ ಒಂದು ಹಲ್ಲು ತೆಗೆದು, ಇನ್ನೊಂದನ್ನು ಬಾಗಿಸಿ, ಪಟ್ಟಿಯೊಂದನ್ನು ಬೆಸುಗೆ ಹಾಕಿ ಕೊಡುತ್ತಾನೆ. ಹಂಗಾಮು ಮುಗಿಯುವುದರೊಳಗೆ ಅದೇ ಮಾದರಿಯನ್ನು ಕೇಳಿಕೊಂಡು ನಾಲ್ಕಾರು ಮಂದಿ ಬರುತ್ತಾರೆ. ತಾನು ಮಾಡಿದ್ದು ಆವಿಷ್ಕಾರವೆಂದು ಆತ ಎಂದೂ ಭಾವಿಸುವುದಿಲ್ಲ. ಅದನ್ನು ಬರೆದಿಟ್ಟುಕೊಳ್ಳುವವರೂ ಇಲ್ಲ. ಆತ ಅಂಗಡಿ ಮುಚ್ಚಿದ ದಿನ ಆ ಜ್ಞಾನವೂ ಮುಚ್ಚಿಹೋಗುತ್ತದೆ.

ಸರ್ಕಾರವೊಂದು ಇಂಥ ಬುದ್ಧಿವಂತಿಕೆಯನ್ನು ಹುಡುಕಿಕೊಂಡು ಹೋಗಬಹುದೇ? ನಿನ್ನಲ್ಲಿ ಏನಿದೆ ಕೊಡು, ಅದನ್ನು ಬೆಳೆಸುವ ಹೊಣೆ ನನ್ನದು ಎಂದು ಪ್ರಜೆಗೆ ಹೇಳಬಹುದೇ? ಚರಿತ್ರೆಯನ್ನು ನೋಡಿದರೆ ಪ್ರಭುತ್ವಗಳು ಹೀಗೆ ಕೇಳಿದ ಸಂದರ್ಭಗಳಲ್ಲಿ ಎದ್ದುಕಾಣುವುದು ಯುದ್ಧಕಾಲವೇ. ಭಾರತದಲ್ಲಿ ಅದು ನಡೆದದ್ದು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ. ಆ ಕಾರ್ಯದ ಕೇಂದ್ರದಲ್ಲಿ ಇದ್ದವರು ರಸಾಯನ ವಿಜ್ಞಾನಿ ಶಾಂತಿ ಸ್ವರೂಪ ಭಟ್ನಾಗರ್. ಪ್ರತಿಷ್ಠಿತ ಪ್ರಶಸ್ತಿಯೊಂದರ ಹೆಸರಾಗಿ ಮಾತ್ರ ಅವರನ್ನು ಬಲ್ಲ ಇಂದಿನ ಪೀಳಿಗೆ, ಅವರ ಬದುಕನ್ನು ಒಮ್ಮೆ ತಿರುವಿ ನೋಡುವುದು ಒಳಿತು.

ಭಟ್ನಾಗರ್ ಹುಟ್ಟಿದ್ದು 1894ರ ಫೆಬ್ರುವರಿ 21ರಂದು, ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಭೇರಾ ಎಂಬ ಊರಿನಲ್ಲಿ. ಮಗುವಿಗೆ ಎಂಟು ತಿಂಗಳು ತುಂಬಿದಾಗ ತಂದೆ ಪರಮೇಶ್ವರಿ ಸಹಾಯ್ ತೀರಿಕೊಂಡರು. ಬಾಲ್ಯ ಕಳೆದದ್ದು ತಾಯಿಯ ತವರಿನಲ್ಲಿ. ಅಜ್ಜ ಎಂಜಿನಿಯರ್. ಮನೆಯ ತುಂಬ ಉಪಕರಣಗಳು, ನಕ್ಷೆಗಳು. ಯಂತ್ರದ ಆಟಿಕೆ, ಬ್ಯಾಟರಿ, ದಾರದ ಟೆಲಿಫೋನು ಮಾಡುತ್ತ ಹುಡುಗ ಬೆಳೆದ. ಮುಂದೆ ಲಾಹೋರಿನ ದಯಾಳ್ ಸಿಂಗ್ ಶಾಲೆಗೆ ಸೇರಿದ. ಶಾಲೆ ಬಿಡುವ ಮುನ್ನವೇ, 1911ರಲ್ಲಿ, ಅಲಹಾಬಾದಿನ ಲೀಡರ್ ಪತ್ರಿಕೆಯ ಸಂಪಾದಕರಿಗೆ ಆತ ಬರೆದ ಪತ್ರ ಪ್ರಕಟವಾಯಿತು. ಬ್ಯಾಟರಿಯೊಳಗಿನ ಇಂಗಾಲದ ಕಡ್ಡಿಗೆ ಬದಲಾಗಿ, ಕಾಕಂಬಿ ಹಾಗೂ ಇಂಗಾಲಯುಕ್ತ ಪದಾರ್ಥಗಳನ್ನು ಕೂಡಿಸಿ ಒತ್ತಡ ಮತ್ತು ಶಾಖ ಕೊಟ್ಟು ಬದಲಿ ಕಡ್ಡಿ ತಯಾರಿಸಬಹುದು ಎಂಬುದೇ ಪತ್ರದ ಸಾರಾಂಶ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಲ್ಲಿ ಒಂದು ಉಪಕರಣವನ್ನು ಕಂಡ ಆ ಕಣ್ಣೇ ಮುಂದಿನ ನಲವತ್ತು ವರ್ಷ ಅವರಿಗೆ ದಾರಿ ತೋರಿತು. ಇದನ್ನು ನಾವು ಮರೆಯಬಾರದು. ಸರ್ಕಾರದ ಸಂಶೋಧನೆಯನ್ನು ಮುಂದೆ ನಡೆಸಿದಾತ ಮೊದಲು ಪತ್ರಿಕೆಗೆ ಪತ್ರ ಬರೆದು ತನ್ನ ಉಪಾಯವನ್ನು ಲೋಕಕ್ಕೆ ತಿಳಿಸಿದ ಸಾಮಾನ್ಯ ಶಾಲಾ ಬಾಲಕ.

ಲಾಹೋರಿನ ಫೋರ್ಮನ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, 1919ರಲ್ಲಿ ಸ್ನಾತಕೋತ್ತರ ಪದವಿ ಪಡೆದ ಅವರಿಗೆ ದಯಾಳ್ ಸಿಂಗ್ ಟ್ರಸ್ಟ್ ವಿದ್ಯಾರ್ಥಿವೇತನ ನೀಡಿತು. ಇಂಗ್ಲೆಂಡಿನ ಮೂಲಕ ಅಮೆರಿಕಕ್ಕೆ ಹೋಗುವುದು ಉದ್ದೇಶವಾಗಿತ್ತು. ಮೊದಲ ಮಹಾಯುದ್ಧ ಮುಗಿಸಿ ಮನೆಗೆ ಮರಳುತ್ತಿದ್ದ ಅಮೆರಿಕದ ಸೈನಿಕರಿಂದ ಹಡಗುಗಳೆಲ್ಲ ತುಂಬಿದ್ದವು, ಜಾಗ ಸಿಗಲಿಲ್ಲ. ಲಂಡನ್ನಿನಲ್ಲೇ ಉಳಿದು, ಯೂನಿವರ್ಸಿಟಿ ಕಾಲೇಜಿನಲ್ಲಿ ಡೊನ್ನನ್ ಅವರ ಮಾರ್ಗದರ್ಶನದಲ್ಲಿ 1921ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು. ಯುದ್ಧವೊಂದು ಅವರ ಹಾದಿಯನ್ನು ತಿರುಗಿಸಿದ್ದು ಅದೇ ಮೊದಲು. ಸ್ವದೇಶಕ್ಕೆ ಬಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಪಾಠ ಹೇಳಿದರು. ಆ ವಿಶ್ವವಿದ್ಯಾಲಯದ ಕುಲಗೀತೆಯನ್ನು ರಚಿಸಿದವರೂ ಅವರೇ. 1924ರಲ್ಲಿ ಲಾಹೋರಿಗೆ ಮರಳಿ, ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಹದಿನಾರು ವರ್ಷ ದುಡಿದರು. ಕೆ.ಎನ್. ಮಾಥುರ್ ಅವರೊಡನೆ 1928ರಲ್ಲಿ ರೂಪಿಸಿದ ಕಾಂತಗುಣ ಅಳೆಯುವ ಸೂಕ್ಷ್ಮ ತಕ್ಕಡಿಯನ್ನು ಲಂಡನ್ನಿನ ಆಡಂ ಹಿಲ್ಗರ್ ಕಂಪನಿ ತಯಾರಿಸಿ ಮಾರಿತು. ಕಾಂತ ರಸಾಯನ ಕುರಿತು ಅವರಿಬ್ಬರೂ ಬರೆದ ಗ್ರಂಥ 1935ರಲ್ಲಿ ಹೊರಬಂದಿತು.

ಆದರೆ ಭಟ್ನಾಗರರನ್ನು ಪ್ರಯೋಗಾಲಯದಿಂದ ಬಯಲಿಗೆ ಎಳೆದು ತಂದದ್ದು ಕೆಸರು. ರಾವಲ್ಪಿಂಡಿಯ ಬಳಿ ಅಟಕ್ ತೈಲ ಕಂಪನಿಯವರು ಭೂಮಿಯನ್ನು ಕೊರೆಯುವಾಗ ಬಳಸುತ್ತಿದ್ದ ಕೆಸರು, ಆಳದ ಉಪ್ಪುನೀರು ತಗುಲಿದೊಡನೆ ಗಟ್ಟಿಯಾಗಿಬಿಡುತ್ತಿತ್ತು. ಕೊರೆತ ನಿಲ್ಲುತ್ತಿತ್ತು. ಇದು ಕಲಿಲ ರಸಾಯನದ ಪ್ರಶ್ನೆ ಎಂಬುದನ್ನು ಭಟ್ನಾಗರ್ ಗುರುತಿಸಿದರು. ಅವರು ಸೂಚಿಸಿದ ಮದ್ದು ನಮ್ಮ ಮರಗಳಿಂದ ಒಸರುವ ಅಂಟು. ಅದನ್ನು ಬೆರೆಸಿದಾಗ ಕೆಸರು ತೆಳುವಾಗಿ, ಉಪ್ಪಿಗೆ ಜಗ್ಗದೆ ಉಳಿಯಿತು. ಕಂಪನಿಯನ್ನು ನಡೆಸುತ್ತಿದ್ದ ಸ್ಟೀಲ್ ಬ್ರದರ್ಸ್ ಸಂಸ್ಥೆ ಸಂತೋಷಗೊಂಡು ಸಂಶೋಧನೆಗೆಂದು 1,50,000 ರೂಪಾಯಿ ನೀಡಲು ಮುಂದೆ ಬಂದಿತು. ಆ ಕಾಲಕ್ಕೆ ಅದು ಒಂದು ಮನೆತನವನ್ನು ತಲೆಮಾರುಗಳವರೆಗೆ ಸಾಕಬಲ್ಲ ಮೊತ್ತ. ಭಟ್ನಾಗರ್ ಅದನ್ನು ತಮ್ಮ ಜೇಬಿಗೆ ಇಳಿಸಿಕೊಳ್ಳಲಿಲ್ಲ, ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಅದರ ಬಲದಿಂದ ಅಲ್ಲಿ ಪೆಟ್ರೋಲಿಯಂ ಸಂಶೋಧನೆಯ ವಿಭಾಗವೇ ತಲೆಯೆತ್ತಿತು. ಸಮಸ್ಯೆ ಹೊಲದಿಂದ, ಗಣಿಯಿಂದ, ಕಾರ್ಖಾನೆಯಿಂದ ಬರಬೇಕು. ಅದಕ್ಕೆ ಉತ್ತರ ಪ್ರಯೋಗಾಲಯದಲ್ಲಿ ಹುಟ್ಟಬೇಕು. ಬಂದ ಹಣ ಮತ್ತೆ ಸಂಶೋಧನೆಗೇ ಸಲ್ಲಬೇಕು. ಈ ಮೂರು ಸೂತ್ರಗಳನ್ನು ಅವರು ಕಲಿತದ್ದು ಅಲ್ಲಿಯೇ.

ಇತ್ತ ಸರ್ಕಾರದ ಸ್ಥಿತಿ ಏನಿತ್ತು? ವಿಜ್ಞಾನಕ್ಕೆಂದು ಒಂದು ಕೇಂದ್ರೀಯ ಮಂಡಳಿ ಬೇಕೆಂಬ ಸಲಹೆಯನ್ನು 1930ರ ದಶಕದ ಮೊದಲ ವರ್ಷಗಳಲ್ಲಿಯೇ ಬ್ರಿಟನ್ನಿನ ವಿಜ್ಞಾನ ವಲಯದವರು ಮುಂದಿಟ್ಟಿದ್ದರು. ದೆಹಲಿ ಅದನ್ನು ಬದಿಗೆ ಸರಿಸಿತು. 1935ರಲ್ಲಿ ಸಣ್ಣದೊಂದು ಕೈಗಾರಿಕಾ ಸಂಶೋಧನಾ ಬ್ಯೂರೋ ಸ್ಥಾಪನೆಯಾದರೂ ಅದರ ಕೈಯಲ್ಲಿ ಹಣವಿರಲಿಲ್ಲ. ವಸಾಹತು ತಾನಾಗಿ ಏನನ್ನಾದರೂ ತಯಾರಿಸಬೇಕೆಂಬ ಆತುರ ಅಂದಿನ ಆಡಳಿತಕ್ಕೆ ಇರಲಿಲ್ಲ. ಬೇಕಾದದ್ದೆಲ್ಲ ಹಡಗಿನಲ್ಲಿ ಬರುತ್ತಿತ್ತಲ್ಲವೇ?

1939ರಲ್ಲಿ ಯುದ್ಧ ಆರಂಭವಾಯಿತು. ಹಡಗಿನ ಹಾದಿಗಳು ಅಪಾಯಕ್ಕೊಳಗಾದವು. ಔಷಧ, ಬಣ್ಣ, ಗಂಧಕ, ಎಣ್ಣೆ, ಗಾಜು ಎಲ್ಲವೂ ಏಕಕಾಲಕ್ಕೆ ದುರ್ಲಭವಾದವು. ಪೆಟ್ರೋಲಿಗೆ ಪಡಿತರ ಬಂದ ಮೇಲೆ ದಕ್ಷಿಣ ಭಾರತದ ರಸ್ತೆಗಳಲ್ಲಿ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡ ಬಸ್ಸುಗಳು ಏದುಸಿರು ಬಿಡುತ್ತ ಓಡಿದವು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕಾಗಿದ್ದ ಆ ಬಸ್ಸುಗಳ ಕಥೆಯನ್ನು ಹಿರಿಯರ ಬಾಯಲ್ಲಿ ಕೇಳಿದವರು ಈಗಲೂ ಇದ್ದಾರೆ. ಅಭಾವವೇ ಉಪಾಯಗಳ ತಾಯಿಯೆಂಬುದು ಆಗ ಸರ್ಕಾರಕ್ಕೂ ಮನದಟ್ಟಾಯಿತು.

ಈ ಹಂತದಲ್ಲಿ ರಂಗಪ್ರವೇಶ ಮಾಡಿದವರು ಕನ್ನಡಿಗರಿಗೆ ಪರಿಚಿತರೇ ಆದ ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. 1946ರಿಂದ 1949ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ, ಆ ಪದವಿಯ ಕೊನೆಯ ವ್ಯಕ್ತಿಯೆಂದು ನಾವು ನೆನೆಯುವ ಮೊದಲಿಯಾರ್, ಆಗ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ವಾಣಿಜ್ಯ ಖಾತೆ ಹೊಂದಿದ್ದರು. ಹಳೆಯ ಬ್ಯೂರೋವನ್ನು ಮುಚ್ಚಿ, ಹೆಚ್ಚು ಹಣವೂ ಅಧಿಕಾರವೂ ಉಳ್ಳ ಮಂಡಳಿಯನ್ನು ಸ್ಥಾಪಿಸಬೇಕೆಂದು ಅವರು ಹಟ ಹಿಡಿದರು. ಫಲವಾಗಿ 1940ರ ಏಪ್ರಿಲ್ 1ರಂದು, ಎರಡು ವರ್ಷಗಳ ಅವಧಿಗೆಂದು, ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹುಟ್ಟಿತು. ಮೊದಲಿಯಾರ್ ಅಧ್ಯಕ್ಷರು, ಭಟ್ನಾಗರ್ ನಿರ್ದೇಶಕರು. ವರ್ಷಕ್ಕೆ 5 ಲಕ್ಷ ರೂಪಾಯಿ. ಕೆಲಸಕ್ಕೆ ಆಶ್ರಯ ಕೊಟ್ಟದ್ದು ಕಲ್ಕತ್ತೆಯ ಅಲಿಪುರದಲ್ಲಿದ್ದ ಸರ್ಕಾರಿ ಪರೀಕ್ಷಾಲಯ.

ವಿಶ್ವವಿದ್ಯಾಲಯಗಳಲ್ಲಿ, ಕಾಲೇಜುಗಳಲ್ಲಿ, ಉದ್ಯಮಗಳಲ್ಲಿ ಚದುರಿಹೋಗಿದ್ದ ಉಪಾಯಗಳನ್ನು ಒಂದೆಡೆ ಕಲೆಹಾಕಿ, ಯೋಗ್ಯವಾದವಕ್ಕೆ ಹಣ ಕೊಟ್ಟು, ಬಳಕೆಯ ಹಂತದವರೆಗೆ ಬೆಳೆಸುವುದು ಮಂಡಳಿಯ ಕಾರ್ಯವಾಯಿತು. ಎರಡೇ ವರ್ಷಗಳಲ್ಲಿ ಬಲೂಚಿಸ್ತಾನದ ಗಂಧಕವನ್ನು ಶುದ್ಧಗೊಳಿಸುವ ವಿಧಾನ, ವಿಷಾನಿಲ ತಡೆಯುವ ಬಟ್ಟೆ, ಸಸ್ಯಜನ್ಯ ಎಣ್ಣೆಗಳನ್ನು ಬೆರೆಸಿದ ಇಂಧನ ಹಾಗೂ ಕೀಲೆಣ್ಣೆ, ಕೀಟನಾಶಕ ಪೈರೆಥ್ರಂನ ಮಿಶ್ರಣ, ಸೈನಿಕರ ಬೂಟು ಮತ್ತು ಮದ್ದುಗುಂಡು ತುಂಬುವ ಪ್ಲಾಸ್ಟಿಕ್ ಪೆಟ್ಟಿಗೆ, ವಿಟಮಿನ್ ತಯಾರಿಕೆ ಇವೆಲ್ಲ ಸಿದ್ಧಗೊಂಡವು. ಇವುಗಳಲ್ಲಿ ಸಸ್ಯದ ಎಣ್ಣೆಗೆ ಸಂಬಂಧಿಸಿದ ಕೆಲಸ, ಶೇಂಗಾ ಹತ್ತಿಗಳ ಬಳ್ಳಾರಿ ಸೀಮೆಯವರಿಗೆ ಸುಲಭವಾಗಿ ಅರ್ಥವಾಗುವಂಥದು. ಗಾಣದಿಂದ ಇಳಿಯುವ ಎಣ್ಣೆ ಅಡುಗೆಗೆ ಮತ್ತು ದೀಪಕ್ಕೆ ಮಾತ್ರವಲ್ಲ, ಯಂತ್ರದ ಕೀಲಿಗೂ ಸಲ್ಲುತ್ತದೆ ಎಂಬುದನ್ನು ಯುದ್ಧದ ಒತ್ತಡ ವಿಜ್ಞಾನದ ಭಾಷೆಯಲ್ಲಿ ಹೇಳಿಸಿತು.

ಪ್ರಜೆಗಳ ಉಪಾಯಗಳನ್ನು ಕೇಳಿದ ಸರ್ಕಾರಗಳು ಬೇರೆಯೂ ಇದ್ದವು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬ್ರಿಟನ್ನಿನ ನೌಕಾಪಡೆ ಆವಿಷ್ಕಾರ ಮಂಡಳಿಯನ್ನು ನೇಮಿಸಿತ್ತು. ಅದೇ ವರ್ಷ ಅಮೆರಿಕದ ನೌಕಾ ಸಲಹಾ ಮಂಡಳಿಗೆ ಥಾಮಸ್ ಎಡಿಸನ್ ಅಧ್ಯಕ್ಷರಾದರು. ಜನ ಕಳಿಸಿದ ಸಲಹೆಗಳು 1 ಲಕ್ಷವನ್ನು ಮೀರಿದವು. ವಿವರವಾದ ಪರಿಶೀಲನೆಗೆ ಯೋಗ್ಯವೆನಿಸಿದವು ನೂರಹತ್ತರಷ್ಟು. ತಯಾರಿಕೆಯ ಹಂತ ಮುಟ್ಟಿದ್ದು ಒಂದೇ ಒಂದು. ಪೆಟ್ಟಿಗೆ ಇಟ್ಟು ಚೀಟಿ ಹಾಕಿರೆಂದರೆ ಆವಿಷ್ಕಾರ ಬೆಳೆಯುವುದಿಲ್ಲ ಎಂಬ ಪಾಠ ಅದರಲ್ಲಿದೆ. ಮೊಳಕೆಗೂ ಬೆಳೆಗೂ ನಡುವೆ ಬಹಳ ದೂರ. ಆ ದೂರವನ್ನು ಯಾರಾದರೂ ಕೈ ಹಿಡಿದು ನಡೆಸಬೇಕು.

ಭಟ್ನಾಗರರ ಹಿರಿಮೆ ಇರುವುದು ಇಲ್ಲಿ. ಸಂಶೋಧನೆ ಕಡತದಲ್ಲಿಯೇ ಉಳಿಯದಂತೆ ನೋಡಿಕೊಳ್ಳಲು ಕೈಗಾರಿಕಾ ಸಂಶೋಧನಾ ಬಳಕೆ ಸಮಿತಿಯೊಂದು ಬೇಕೆಂದು ಅವರು ಸರ್ಕಾರದ ಮನವೊಲಿಸಿದರು. 1941ರ ಆರಂಭದಲ್ಲಿ ಅದು ರಚನೆಯಾಯಿತು. ಉದ್ಯಮಗಳಿಂದ ಬರುವ ರಾಯಧನವನ್ನು ಬೊಕ್ಕಸಕ್ಕೆ ಸೇರಿಸದೆ ಪ್ರತ್ಯೇಕ ನಿಧಿಯಾಗಿ ಇರಿಸಿ ಮತ್ತೆ ಸಂಶೋಧನೆಗೆ ತೊಡಗಿಸಬೇಕೆಂಬ ಏರ್ಪಾಡೂ ಆಯಿತು. ಅಟಕ್‌ನ ಕೆಸರು ಕಲಿಸಿದ ಸೂತ್ರ ಈಗ ಸರ್ಕಾರದ ನಿಯಮವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಶಾಸನಸಭೆ ಐದು ವರ್ಷಗಳ ಕಾಲ ವರ್ಷಕ್ಕೆ 10 ಲಕ್ಷ ರೂಪಾಯಿ ನೀಡಲು ಒಪ್ಪಿತು. 1942ರ ಸೆಪ್ಟೆಂಬರ್ 26ರಂದು ಸಿಎಸ್‌ಐಆರ್ ಎಂದು ನಾವು ಕರೆಯುವ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಸ್ವಾಯತ್ತ ಸಂಸ್ಥೆಯಾಗಿ ಜನ್ಮ ತಾಳಿತು.

ಆ ದಿನಾಂಕವನ್ನು ಇನ್ನೊಮ್ಮೆ ನೋಡಬೇಕು. ಭಾರತ ಬಿಟ್ಟು ತೊಲಗಿ ಚಳವಳಿ ಆರಂಭವಾಗಿ ಆಗಿನ್ನೂ ಏಳು ವಾರ. ಅಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿಯೂ ಒಂದು ಅಲಿಪುರವಿತ್ತು. ಅಲ್ಲೀಪುರವೆಂದು ನಾವು ಕರೆಯುವ ಆ ಸ್ಥಳದ ಜೈಲು ಸತ್ಯಾಗ್ರಹಿಗಳನ್ನು ಕೂಡಿಹಾಕಿದ ತಾಣವಾಗಿ ಸ್ವಾತಂತ್ರ್ಯ ಸಮರದ ಇತಿಹಾಸದಲ್ಲಿ ಉಳಿದಿದೆ. ಕಲ್ಕತ್ತೆಯ ಅಲಿಪುರದಲ್ಲಿ ಭಾರತೀಯ ವಿಜ್ಞಾನಿಗಳು ಬ್ರಿಟಿಷ್ ಸರ್ಕಾರದ ಯುದ್ಧಕ್ಕೆಂದು ಆವಿಷ್ಕಾರಗಳನ್ನು ಸಿದ್ಧಪಡಿಸಿದರೆ, ಬಳ್ಳಾರಿಯ ಅಲ್ಲೀಪುರದಲ್ಲಿ ಭಾರತೀಯ ಯುವಕರು ಅದೇ ಸರ್ಕಾರದ ಕೈದಿಗಳಾಗಿದ್ದರು. ಭಟ್ನಾಗರ್ 1941ರಲ್ಲಿ ಸರ್ ಪದವಿ ಸ್ವೀಕರಿಸಿದ್ದರು. 1943ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ಹಾಗಾದರೆ ಅವರು ಯಾರ ಪಕ್ಷದಲ್ಲಿದ್ದರು?

ಈ ಪ್ರಶ್ನೆಯನ್ನು ಮುಚ್ಚಿಡುವುದು ಚರಿತ್ರೆಗೆ ಮಾಡುವ ಅನ್ಯಾಯ. ಯುದ್ಧಕ್ಕೆಂದು ಸರ್ಕಾರ ತೆರೆದ ಬೊಕ್ಕಸದಿಂದ ಸ್ವತಂತ್ರ ಭಾರತಕ್ಕೆ ಬೇಕಾಗುವ ತಳಹದಿಯನ್ನು ಅವರು ಕಟ್ಟಿಕೊಂಡರು ಎಂಬುದು ಒಂದು ಉತ್ತರ. ಅವರ ಮುಂದಿನ ನಡೆ ಅದನ್ನು ಸಮರ್ಥಿಸುತ್ತದೆ. ವಿಷಾನಿಲದ ಬಟ್ಟೆಯ ಅಗತ್ಯ ಯುದ್ಧದೊಡನೆ ಮುಗಿಯಿತು, ಪರಿಷತ್ತು ಉಳಿಯಿತು. ಜೈಲಿನಲ್ಲಿದ್ದವರು ರಾಷ್ಟ್ರಕ್ಕೆ ಸ್ವಾತಂತ್ರ್ಯ ತಂದರು. ಸ್ವಾತಂತ್ರ್ಯ ಬಂದಾಗ ಕೈಯಲ್ಲೊಂದು ಸಲಕರಣೆ ಇರುವಂತೆ ಭಟ್ನಾಗರ್ ನೋಡಿಕೊಂಡರು. ಆದರೂ ತ್ಯಾಗದ ತಕ್ಕಡಿಯಲ್ಲಿ ಎರಡನ್ನೂ ಸಮವಾಗಿ ತೂಗಲಾಗದು. ಸೆರೆಮನೆಯ ಕಷ್ಟ ಒಂದು ಬಗೆಯದು, ಸರ್ಕಾರದ ಕಚೇರಿಯಲ್ಲಿ ಕುಳಿತು ದೇಶವನ್ನು ನೆನೆಯುವುದು ಇನ್ನೊಂದು ಬಗೆಯದು. ಎರಡೂ ನಮ್ಮ ಇತಿಹಾಸದ ಭಾಗವೆಂದು ಒಪ್ಪಿಕೊಳ್ಳುವುದೇ ನ್ಯಾಯ.

ಯುದ್ಧದ ಕೊನೆಯ ಘಟ್ಟದಲ್ಲಿ, 1944–45ರಲ್ಲಿ, ಬ್ರಿಟನ್ ಮತ್ತು ಅಮೆರಿಕಕ್ಕೆ ತೆರಳಿದ ಭಾರತೀಯ ವಿಜ್ಞಾನಿಗಳ ನಿಯೋಗದಲ್ಲಿ ಭಟ್ನಾಗರ್, ಮೇಘನಾದ ಸಾಹಾ ಅವರೊಡನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಜ್ಞಾನಚಂದ್ರ ಘೋಷ್ ಅವರೂ ಇದ್ದರು. ಸ್ವಾತಂತ್ರ್ಯಾನಂತರ ನೆಹರೂ ಅವರ ಬೆಂಬಲದಿಂದ ರಾಷ್ಟ್ರೀಯ ಪ್ರಯೋಗಾಲಯಗಳು ಒಂದರ ಹಿಂದೊಂದು ತೆರೆದವು. 1950ರ ಜನವರಿಯಲ್ಲಿ ಪುಣೆಯ ರಾಸಾಯನಿಕ ಪ್ರಯೋಗಾಲಯ ಮತ್ತು ದೆಹಲಿಯ ಭೌತಿಕ ಪ್ರಯೋಗಾಲಯ. ಅದೇ ವರ್ಷ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಸ್ಥೆ. ಒಟ್ಟು 12 ಪ್ರಯೋಗಾಲಯಗಳ ಸ್ಥಾಪನೆಯ ಶ್ರೇಯಸ್ಸು ಭಟ್ನಾಗರರಿಗೆ ಸಲ್ಲುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಮೊದಲ ಅಧ್ಯಕ್ಷರೂ ಅವರೇ. 1953ರಲ್ಲಿ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಸ್ಥಾಪನೆಯಲ್ಲಿ ಅವರು ಮುಖ್ಯ ಪಾತ್ರ ವಹಿಸಿದರು. ಆವಿಷ್ಕಾರಕ್ಕೂ ಉದ್ಯಮಕ್ಕೂ ಸೇತುವೆಯಾಗಬೇಕೆಂಬ ಯುದ್ಧಕಾಲದ ಹಂಬಲ ಶಾಂತಿಕಾಲದಲ್ಲಿ ಪಡೆದ ರೂಪವೇ ಆ ನಿಗಮ. 1954ರಲ್ಲಿ ಪದ್ಮಭೂಷಣ ಬಂದಿತು. 1955ರ ಜನವರಿ 1ರಂದು, ಅರುವತ್ತೊಂದು ತುಂಬುವ ಮೊದಲೇ, ಹೃದಯಾಘಾತದಿಂದ ಅವರು ನಿಧನರಾದರು. ಅವರ ಹೆಸರಿನ ಪ್ರಶಸ್ತಿಯನ್ನು 1958ರಿಂದ ನೀಡಲಾರಂಭಿಸಲಾಯಿತು; 2024ರಿಂದ ಅದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳ ಭಾಗವಾಗಿ ಯುವ ವಿಜ್ಞಾನಿಗಳಿಗೆ ಸಲ್ಲುತ್ತಿದೆ.

ಈ ಕಟ್ಟಡಗಳ ಬಗ್ಗೆ ಅಂದೇ ಅಪಸ್ವರಗಳೂ ಕೇಳಿಬಂದಿದ್ದವು. ಪ್ರತಿಭೆ ಮತ್ತು ಹಣ ವಿಶ್ವವಿದ್ಯಾಲಯಗಳಿಂದ ಪ್ರಯೋಗಾಲಯಗಳಿಗೆ ಹರಿದುಹೋಗುತ್ತಿದೆಯೆಂದು ಸಾಹಾ ಆಕ್ಷೇಪಿಸಿದರು. ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ ಅವರ ಟೀಕೆಯಂತೂ ಕಟುವಾಗಿತ್ತು. ಟೀಕೆಯಲ್ಲಿ ಸತ್ಯಾಂಶವಿಲ್ಲದೆ ಇರಲಿಲ್ಲ. ಯುದ್ಧ ನಡೆಯುತ್ತಿದ್ದಾಗ ಮಂಡಳಿಗೆ ಕಿವಿ ತೆರೆದಿಡುವುದು ಅನಿವಾರ್ಯವಾಗಿತ್ತು. ಶಾಂತಿ ಬಂದ ಮೇಲೆ ಗೋಡೆಗಳು ಎತ್ತರವಾದವು. ಕಾಕಂಬಿಯ ಕಡ್ಡಿಯ ಬಗ್ಗೆ ಪತ್ರ ಬರೆಯುವ ಹುಡುಗ ಇಂದು ಪ್ರಯೋಗಾಲಯದ ಹೆಬ್ಬಾಗಿಲಿಗೆ ಬಂದರೆ ಕಾವಲುಗಾರನನ್ನು ದಾಟಿ ಒಳಗೆ ಹೋಗಬಲ್ಲನೇ?

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿದೆ ಎನ್ನುವಂತೆಯೂ ಇಲ್ಲ. ಜನಸಾಮಾನ್ಯರ ಆವಿಷ್ಕಾರಗಳನ್ನು ಹುಡುಕಿ ದಾಖಲಿಸಲೆಂದು ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ 2000ದಲ್ಲಿ ಗುಜರಾತಿನಲ್ಲಿ ಆರಂಭವಾಯಿತು. ಹುಣಸೆಬೀಜ ಬೇರ್ಪಡಿಸುವ ಯಂತ್ರವನ್ನೂ ಬಿತ್ತನೆಯ ಕೂರಿಗೆಯನ್ನೂ ರೂಪಿಸಿದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ದೊರೆಯಿತು. ಆದರೆ ಒಬ್ಬ ನಡಕಟ್ಟಿನರನ್ನು ಗುರುತಿಸಲು ಎಷ್ಟು ದಶಕಗಳು ಬೇಕಾದವು, ಗುರುತಿಸದೆ ಬಿಟ್ಟವರು ಎಷ್ಟು ಮಂದಿ ಎಂಬುದೂ ಪ್ರಶ್ನೆಯೇ.

ಬಳ್ಳಾರಿ ಸೀಮೆಗೆ ಈ ಪ್ರಶ್ನೆ ಹೊರಗಿನದಲ್ಲ. ಸಂಗನಕಲ್ಲಿನ ಗುಡ್ಡದಲ್ಲಿ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಬಳಸಿ ಬದುಕಿದ ನೆಲವಿದು. ತುಂಗಭದ್ರೆಯ ಅಣೆಕಟ್ಟು ಏಳುವುದಕ್ಕೆ ಮುನ್ನವೇ, 1930ರ ದಶಕದಲ್ಲಿ, ಎರೆಮಣ್ಣು ನೀರಾವರಿಗೆ ಹೇಗೆ ಒಗ್ಗೀತೆಂದು ತಿಳಿಯಲು ಅಂದಿನ ಮದ್ರಾಸ್ ಸರ್ಕಾರ ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆದಿತ್ತು. ನೀರು ಬಿಡುವ ಮೊದಲು ಮಣ್ಣನ್ನು ಕೇಳುವ ವಿವೇಕ ಅದು. ಇಂದು ನಗರದಲ್ಲಿ ಜೀನ್ಸ್ ಹೊಲಿಯುವವರು, ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಹೊಟ್ಟಿನ ರಾಶಿಯ ನಡುವೆ ದುಡಿಯುವವರು, ಕುರುಗೋಡಿನ ರಸ್ತೆಯಂಚಿನಲ್ಲಿ ಕಬ್ಬಿಣ ಬಾಗಿಸುವವರು ದಿನವೂ ಸಣ್ಣಪುಟ್ಟ ಉಪಾಯಗಳನ್ನು ಹೂಡುತ್ತಲೇ ಇದ್ದಾರೆ. ಅವರಲ್ಲಿ ಹೋಗಿ ನಿಮಗೇನು ತೊಡಕು, ಅದನ್ನು ಹೇಗೆ ನಿವಾರಿಸಿಕೊಂಡಿರಿ ಎಂದು ಕೇಳಿ ಬರೆದಿಟ್ಟುಕೊಳ್ಳಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಪಾಲಿಟೆಕ್ನಿಕ್ಕಿನ ಇಬ್ಬರು ಅಧ್ಯಾಪಕರು ಮತ್ತು ಒಂದು ನೋಂದಣಿ ಪುಸ್ತಕ ಸಾಕು. ಅವರು ಬರೆದುಕೊಂಡದ್ದು ಮುಂದಿನ ಹಂತಕ್ಕೆ ಹೋಗುವಂತೆ ನೋಡಿಕೊಳ್ಳುವ ಇಚ್ಛೆ ಮಾತ್ರ ಸರ್ಕಾರಕ್ಕೆ ಇರಬೇಕು.

ಕೆಸರಿನ ತೊಡಕನ್ನು ಹೊತ್ತು ಬಂದ ಕಂಪನಿಗೆ ಭಟ್ನಾಗರ್ ಬಾಗಿಲು ತೆರೆದರು. ಸರ್ಕಾರ ಬಾಗಿಲು ತೆರೆಯಲು ಒಂದು ಮಹಾಯುದ್ಧವೇ ಬೇಕಾಯಿತು. ಪ್ರಜೆಯ ಬುದ್ಧಿಶಕ್ತಿಯನ್ನು ಗುರುತಿಸಲು ಇನ್ನೊಂದು ಆಪತ್ತಿಗಾಗಿ ಕಾಯುವುದು ಯಾವ ಪ್ರಜಾಪ್ರಭುತ್ವಕ್ಕೂ ಶೋಭೆ ತರುವಂಥದಲ್ಲ.